ಬೋರ್‌ವೆಲ್ ಮರುಪೂರಣ ಗುಂಡಿ: ಕೆಲಸ ಒಳ್ಳೆಯದು, ಕೊಡುವ ಭರವಸೆ ಅತಿ

ಚಿತ್ರದುರ್ಗ, ತುಮಕೂರಿನ ಪೂರ್ವ ಭಾಗ, ಕೋಲಾರ, ಚಿಕ್ಕಬಳ್ಳಾಪುರದ ಕಡೆ ಬೋರ್ ಕೊರೆಯುವ ಲಾರಿಯ ಬೆನ್ನಿಗೇ ಇನ್ನೊಂದು ಸೇವೆ ಊರೂರಿಗೆ ಬರುತ್ತಿದೆ: ಮಳೆನೀರನ್ನು ಬೋರಿಗೆ ಇಂಗಿಸುವ ಮರುಪೂರಣ ಗುಂಡಿ. ಬತ್ತಿದ ಅಥವಾ ಬತ್ತುತ್ತಿರುವ ಬೋರಿನ ಸುತ್ತ ಹತ್ತಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಆಳದ ಗುಂಡಿ ತೆಗೆದು, ಬೋರಿನ ಮೇಲ್ಭಾಗದಲ್ಲಿ ಮಣ್ಣು ಕುಸಿಯದಂತೆ ಇಳಿಸಿದ ಕೇಸಿಂಗ್ ಪೈಪಿಗೆ ತೂತು ಕೊರೆದು, ಜಾಲರಿ ಸುತ್ತಿ, ಕಲ್ಲು, ಜಲ್ಲಿ, ಮರಳು ತುಂಬಿ, ಹೊಲದಲ್ಲಿ ಹರಿದುಹೋಗುವ ಮಳೆನೀರನ್ನು ಅದಕ್ಕೆ ತಿರುಗಿಸಿಕೊಡುತ್ತಾರೆ. ಚಿತ್ರದುರ್ಗದ ಭೂಜಲ ತಜ್ಞ ಎನ್. ಜೆ. ದೇವರಾಜ ರೆಡ್ಡಿಯವರಂಥವರು ವರ್ಷಗಟ್ಟಲೆ ಊರೂರು ತಿರುಗಿ ಹೇಳಿಕೊಟ್ಟ ವಿಧಾನವಿದು. ಈಗ ಜೆಸಿಬಿ ಇಟ್ಟುಕೊಂಡ ಗುತ್ತಿಗೆದಾರರೂ ಮಾಡುತ್ತಾರೆ, ಬೋರ್ ರಿಗ್ಗಿನವರೂ ಮಾಡುತ್ತಾರೆ, ಮನೆ ಕಟ್ಟುವ ಮೇಸ್ತ್ರಿಗಳೂ ಮಾಡುತ್ತಾರೆ. ಇಲ್ಲಿ ಒಬ್ಬ ಗುತ್ತಿಗೆದಾರನನ್ನು ಅಳೆಯುವುದು ಉದ್ದೇಶವಲ್ಲ. ಈ ಸೇವೆಯಲ್ಲಿ ಯಾವ ಭಾಗಕ್ಕೆ ದುಡ್ಡು ಹಾಕಬೇಕು, ಯಾವುದಕ್ಕೆ ಬೇಡ, ಎಲ್ಲಿ ಕೆಡುತ್ತದೆ ಎಂಬುದೇ ಈ ವಿಮರ್ಶೆ.

ತೀರ್ಪು ಮೊದಲೇ ಹೇಳಿಬಿಡುವುದು ಮೇಲು. ಸರಿಯಾದ ಬೋರಿಗೆ, ತಿಳಿಯಾದ ನೀರು ಬಿಟ್ಟರೆ ಇದು ಖಂಡಿತ ಮಾಡಿಸಬೇಕಾದ ಕೆಲಸ. ಆದರೆ ‘ಒಂದೇ ಮಳೆಗೆ ಬೋರ್ ತುಂಬುತ್ತದೆ’ ಎಂದು ಹೇಳಿ ಮಾರುವುದು ತಪ್ಪು. ಕೆಟ್ಟದಾಗಿ ಮಾಡಿದ ಗುಂಡಿ ಇದ್ದ ನೀರನ್ನೂ ಕೆಡಿಸುತ್ತದೆ. ಎಲ್ಲಕ್ಕಿಂತ ಮುಖ್ಯವಾದ ಎರಡು ಕೆಲಸಗಳು ಬಹುತೇಕ ಕೊಟೇಶನ್ನುಗಳಲ್ಲಿ ಇರುವುದೇ ಇಲ್ಲ: ಬೋರ್ ನೀರು ಕುಡಿಯುತ್ತದೆಯೇ ಎಂಬ ಪರೀಕ್ಷೆ ಒಂದು, ಬಗ್ಗಡ ನೀರನ್ನು ತಡೆದು ನಿಲ್ಲಿಸುವ ಹೊಂಡ ಇನ್ನೊಂದು.

ಮೊದಲು ಪರೀಕ್ಷೆಯ ವಿಚಾರ. ಈ ಸೀಮೆಯ ತಳದಲ್ಲಿರುವುದು ಗಟ್ಟಿ ಕಲ್ಲು: ಗ್ರಾನೈಟ್, ನೈಸ್, ಅಲ್ಲಲ್ಲಿ ಶಿಸ್ಟ್. ಕಲ್ಲಿನ ಒಳಗೆ ನೀರು ನಿಲ್ಲುವುದಿಲ್ಲ. ಮೇಲಿನ ಕೊಳೆತ ಕಲ್ಲಿನ ಪದರದಲ್ಲಿ, ಅದರ ಕೆಳಗೆ ಬಿರುಕುಗಳಲ್ಲಿ ಮಾತ್ರ ನಿಲ್ಲುತ್ತದೆ. ರಿಗ್ಗಿನವರು ‘ಗ್ಯಾಪ್ ಸಿಕ್ಕಿತು’ ಎನ್ನುವುದು, ರೈತರು ‘ಸೆಲೆ’ ಎನ್ನುವುದು ಈ ಬಿರುಕನ್ನೇ. ಕೊರೆಯುವಾಗ ಮೇಲಿಂದ ಕೆಳಗಿನವರೆಗೆ ಬರೀ ಧೂಳು ಬಂದ ಬೋರಿಗೆ ಬಹುತೇಕ ಬಿರುಕೇ ಇರುವುದಿಲ್ಲ. ಅಂಥದಕ್ಕೆ ಎಷ್ಟು ನೀರು ಬಿಟ್ಟರೂ ಅದು ಕಲ್ಲಿನ ಕೊಳವೆಯಲ್ಲಿ ನಿಲ್ಲುತ್ತದೆಯೇ ಹೊರತು ಇಂಗುವುದಿಲ್ಲ. ಒಂದು ಕಾಲಕ್ಕೆ ಚೆನ್ನಾಗಿ ನೀರು ಕೊಟ್ಟು ಆಮೇಲೆ ಬತ್ತಿದ ಬೋರ್ ಬೇರೆ. ಅದರ ಸೆಲೆ ಹಾಗೆಯೇ ಇದೆ, ನೀರು ಖಾಲಿಯಾಗಿದೆ ಅಷ್ಟೆ. ಮರುಪೂರಣ ಬೇಕಾದದ್ದು ಇಂಥ ಬೋರಿಗೆ.

ಎರಡನ್ನೂ ಬೇರ್ಪಡಿಸಲು ಟ್ಯಾಂಕರ್ ಪರೀಕ್ಷೆ ಮಾಡಿಸುತ್ತಾರೆ: 5,000 ಲೀಟರಿನ ಒಂದು ಟ್ಯಾಂಕರ್ ಶುದ್ಧ ನೀರನ್ನು ಬೋರಿನ ಬಾಯಿಗೆ ಬಿಡುವುದು. ‘ನೋಡಿ, ಅರ್ಧ ಗಂಟೆಯಲ್ಲಿ ಎಲ್ಲ ಕುಡಿದುಬಿಟ್ಟಿತು’ ಎಂದು ತೋರಿಸುವುದು ಸುಲಭ, ನಂಬುವುದು ಇನ್ನೂ ಸುಲಭ. ಇಲ್ಲೊಂದು ಲೆಕ್ಕ ತಲೆಯಲ್ಲಿರಲಿ. ಆರೂವರೆ ಇಂಚಿನ ಬೋರ್ ಒಂದು ಅಡಿಗೆ ಸುಮಾರು ಆರೂವರೆ ಲೀಟರ್ ನೀರು ಹಿಡಿಯುತ್ತದೆ. 600 ಅಡಿ ಬೋರ್ ಪೂರ್ತಿ ಖಾಲಿ ಇದ್ದರೆ ಅದರ ಹೊಟ್ಟೆಯೇ 3,900 ಲೀಟರ್. ಅಂದರೆ ಒಂದು ಹನಿಯೂ ಬಿರುಕಿಗೆ ಹೋಗದೆ ಟ್ಯಾಂಕರಿನ ಮುಕ್ಕಾಲು ಪಾಲು ಒಳಗೆ ಹೋದಂತೆ ಕಾಣುತ್ತದೆ. ಆದ್ದರಿಂದ ನೀರು ಒಳಗೆ ಹೋಯಿತೇ ಎಂದು ನೋಡುವುದು ಪರೀಕ್ಷೆಯಲ್ಲ. ಬಿಟ್ಟ ನೀರಿನ ಮಟ್ಟ ಎಷ್ಟು ಬೇಗ ಇಳಿಯುತ್ತದೆ ಎಂದು ನೋಡಬೇಕು.

ಹೀಗೆ ಮಾಡಿಸಿ. ಹಿಂದಿನ ರಾತ್ರಿಯಿಂದ ಮೋಟಾರ್ ಬಂದ್ ಇರಲಿ, ಅಕ್ಕಪಕ್ಕದ ಬೋರುಗಳನ್ನೂ ಸಾಧ್ಯವಾದರೆ ನಿಲ್ಲಿಸಲು ಕೇಳಿಕೊಳ್ಳಿ. ಬೆಳಗ್ಗೆ ನೀರಿನ ಮಟ್ಟ ಅಳೆಯಿರಿ. ಎರಡು ಎಳೆಯ ವೈರಿನ ತುದಿ ಬಿಚ್ಚಿ, ಭಾರ ಕಟ್ಟಿ, ಮೇಲೆ ಬ್ಯಾಟರಿ ಮತ್ತು ಬಜರ್ ಜೋಡಿಸಿದರೆ ನೀರು ಮುಟ್ಟಿದ ಕೂಡಲೇ ಸದ್ದು ಬರುತ್ತದೆ. ಹತ್ತು ಅಡಿಗೊಂದು ಗುರುತು ಹಾಕಿಕೊಂಡರೆ ಸಾಕು. ಈಗ ನೀರು ಬಿಟ್ಟು, ಮುಗಿದ ತಕ್ಷಣ ಒಮ್ಮೆ, ಆಮೇಲೆ 5, 10, 30, 60 ನಿಮಿಷಕ್ಕೆ ಮಟ್ಟ ಅಳೆದು ಬರೆಯಿರಿ. ಇಳಿದ ಪ್ರತಿ ಅಡಿಯನ್ನೂ ಆರೂವರೆಯಿಂದ ಗುಣಿಸಿದರೆ ಬಿರುಕಿಗೆ ಹೋದ ಲೀಟರ್ ಸಿಗುತ್ತದೆ. ಒಂದು ಗಂಟೆಯಲ್ಲಿ 300 ಅಡಿ ಇಳಿದರೆ ಸುಮಾರು 2,000 ಲೀಟರ್ ಹೋಯಿತು, ಬೋರ್ ಯೋಗ್ಯವಾಗಿದೆ. 30 ಅಡಿ ಮಾತ್ರ ಇಳಿದರೆ 200 ಲೀಟರ್, ಅಂಥ ಬೋರಿನ ಸುತ್ತ ಗುಂಡಿ ತೋಡುವುದು ವ್ಯರ್ಥ. ಗಂಟೆಗೆ 500 ಲೀಟರಿಗಿಂತ ಕಡಿಮೆ ಕುಡಿಯುವ ಬೋರಿಗೆ ಈ ಖರ್ಚು ಬೇಡವೆಂಬುದು ನಮ್ಮ ಅಭಿಪ್ರಾಯ. ನೀರು ಕೆಳಗಿಳಿದಂತೆ ಒತ್ತಡ ಕಡಿಮೆಯಾಗಿ ಇಳಿಯುವ ವೇಗವೂ ಕುಗ್ಗುತ್ತದೆ. ಹಾಗಾಗಿ ಮೊದಲ ಹತ್ತು ನಿಮಿಷದ ಅಂಕಿಯನ್ನು ಆರರಿಂದ ಗುಣಿಸಿ ದೊಡ್ಡದು ಮಾಡಿ ತೋರಿಸಿದರೆ ಒಪ್ಪಬೇಡಿ.

ಬೋರ್ ಕುಡಿಯುತ್ತದೆ ಎಂದಾಯಿತು. ಕುಡಿಸಲು ನೀರೆಷ್ಟಿದೆ? ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಲೀಟರ್. ಒಂದು ಎಕರೆ 4,047 ಚದರ ಮೀಟರ್. ವರ್ಷಕ್ಕೆ 500 ಮಿ.ಮೀ. ಮಳೆ ಬೀಳುವ ಕಡೆ ಮೂರು ಎಕರೆಯ ಮೇಲೆ ಸುಮಾರು 60 ಲಕ್ಷ ಲೀಟರ್ ಬೀಳುತ್ತದೆ. ಕೇಳಲು ಬಹಳ ದೊಡ್ಡದು. ಆದರೆ ಕೆಂಪು ಮಣ್ಣಿನ ಉಳುಮೆಯ ಹೊಲದಲ್ಲಿ ಸಣ್ಣ ಮಳೆಗಳೆಲ್ಲ ಅಲ್ಲೇ ಹೀರಿಹೋಗುತ್ತವೆ, ಹರಿಯುವುದು ದೊಡ್ಡ ಮಳೆಗಳಲ್ಲಿ ಮಾತ್ರ. ನೂರಕ್ಕೆ ಹತ್ತು ಹರಿದು ಗುಂಡಿಗೆ ಬಂತು ಎಂದುಕೊಂಡರೂ 6 ಲಕ್ಷ ಲೀಟರ್.

ಇದನ್ನು ಎತ್ತುವ ನೀರಿನ ಜೊತೆ ಹೋಲಿಸಿ. ‘ಎರಡಿಂಚು ನೀರು’ ಎಂದು ನಾವು ಹೇಳುವುದು ತೊಂಬತ್ತು ಡಿಗ್ರಿಯ ವಿ-ನಾಚ್ ತಗಡಿನಲ್ಲಿ, ಅಂದರೆ ವಿ ಆಕಾರದ ಕಚ್ಚು ಕೊಯ್ದ ತಗಡಿನಲ್ಲಿ, ಹರಿಯುವ ನೀರಿನ ಅಳೆದ ಎತ್ತರ. ಅದು ಗಂಟೆಗೆ ಸುಮಾರು 2,900 ಲೀಟರ್. ಮೂರಿಂಚು ಎಂದರೆ ಅದರ ಒಂದೂವರೆ ಪಟ್ಟು ಅಲ್ಲ, ಸುಮಾರು 8,000 ಲೀಟರ್. ಇಂಚು ಸ್ವಲ್ಪ ಏರಿದರೂ ನೀರು ಬಹಳ ಏರುತ್ತದೆ. ‘ಗುಂಡಿ ಮಾಡಿಸಿದ ಮೇಲೆ ಅರ್ಧ ಇಂಚು ಜಾಸ್ತಿಯಾಯಿತು’ ಎಂಬ ಮಾತನ್ನು ಹಗುರವಾಗಿ ಹೇಳಲೂಬಾರದು, ಹಗುರವಾಗಿ ನಂಬಲೂಬಾರದು. ಎರಡಿಂಚಿನ ಬೋರನ್ನು ದಿನಕ್ಕೆ ಆರು ಗಂಟೆ ಓಡಿಸಿದರೆ 17,400 ಲೀಟರ್. ವರ್ಷವಿಡೀ ಕೂಡಿಸಿದ 6 ಲಕ್ಷ ಲೀಟರ್ ಆಗ ಸುಮಾರು 34 ದಿನದ ನೀರು. ಬೇಸಿಗೆಯಲ್ಲಿ ಅಡಿಕೆ, ದಾಳಿಂಬೆ ಗಿಡ ಉಳಿಸಿಕೊಳ್ಳಲು 34 ದಿನ ಎಂದರೆ ಸಣ್ಣದೇನಲ್ಲ. ಆದರೆ ಬತ್ತಿದ ಬೋರನ್ನು ನಂಬಿ ಹೊಸದಾಗಿ ಎರಡು ಎಕರೆ ತೋಟ ಹಾಕಲು ಅದು ಸಾಲದು. ಈ ಲೆಕ್ಕವನ್ನು ಗಿರಾಕಿಯ ಎದುರು ಕೂತು ಬರೆದುಕೊಡುವ ಗುತ್ತಿಗೆದಾರ ಸಿಕ್ಕರೆ ಉಳಿದದ್ದನ್ನೂ ಅವರ ಕೈಲೇ ಮಾಡಿಸಬಹುದು.

ಆ 6 ಲಕ್ಷ ಲೀಟರ್ ನಿಮ್ಮ ಬೋರಿನಲ್ಲೇ ಕಾದು ಕೂರುತ್ತದೆ ಎಂದೂ ಅಲ್ಲ. ಬಿರುಕು ಸರ್ವೆ ನಂಬರಿನ ಗಡಿ ನೋಡುವುದಿಲ್ಲ. ಊರವರೆಲ್ಲ ಸೇರಿ ತುಂಬುವ, ಊರವರೆಲ್ಲ ತೆಗೆಯುವ ಹಗೇವು ಅದು. ಪಕ್ಕದ ಹೊಲದಲ್ಲಿ ಅದೇ ಸೆಲೆಗೆ ಇನ್ನೂ ಆಳವಾಗಿ ಬೋರ್ ಇಳಿಸಿದ್ದರೆ ನಿಮ್ಮ ನೀರು ಮೊದಲು ಅಲ್ಲಿಗೇ ಹೋಗುತ್ತದೆ. ಹಾಗಾಗಿ ಒಬ್ಬರು ಮಾಡಿಸುವುದಕ್ಕಿಂತ ಒಂದೇ ಇಳಿಜಾರಿನ ಏಳೆಂಟು ಜನ ಸೇರಿ ಮಾಡಿಸಿದರೆ ಫಲ ಕಾಣುತ್ತದೆ. ಕಲ್ಲು, ಜಲ್ಲಿ, ಜೆಸಿಬಿಯ ಬಾಡಿಗೆಯೂ ಇಳಿಯುತ್ತದೆ.

ಇನ್ನು ಗುಂಡಿ. ಹತ್ತು ಅಡಿ ಚೌಕ, ಹತ್ತು ಅಡಿ ಆಳ ಎಂದರೆ 1,000 ಘನ ಅಡಿ, 28,300 ಲೀಟರ್. ಕಲ್ಲು ತುಂಬಿದ ಮೇಲೆ ಸಂದುಗಳಲ್ಲಿ ಉಳಿಯುವ ಜಾಗ ಮೂರನೇ ಒಂದು ಭಾಗಕ್ಕಿಂತ ತುಸು ಹೆಚ್ಚು, ಅಂದರೆ ಸುಮಾರು 10,000 ಲೀಟರ್. ಮೂರು ಎಕರೆಯ ಮೇಲೆ ಒಂದೇ ಸಲ 25 ಮಿ.ಮೀ. ಹೊಡೆದು ಅದರಲ್ಲಿ ನೂರಕ್ಕೆ ಹದಿನೈದು ಹರಿದರೆ 45,000 ಲೀಟರ್ ಬರುತ್ತದೆ. ಗುಂಡಿ ಅದನ್ನು ಹಿಡಿಯಲಾರದು. ಅದು ನೀರು ಕೂಡಿಡುವ ಜಾಗವಲ್ಲ, ಸೋಸುವ ಜಾಗ. ‘ಇನ್ನೂ ದೊಡ್ಡ ಗುಂಡಿ ಮಾಡೋಣ’ ಎಂದು ಖರ್ಚು ಏರಿಸುವವರಿಗೆ ಬೇಡವೆನ್ನಿ. ಆ ದುಡ್ಡು ಬಗ್ಗಡ ತಡೆಯುವ ಹೊಂಡಕ್ಕೆ ಹೋಗಲಿ.

ತೋಡುವ ಮೊದಲು ಕೇಸಿಂಗ್ ಎಷ್ಟು ಅಡಿ ಇಳಿದಿದೆ ಎಂದು ಬಿಲ್ ನೋಡಿ ಖಚಿತ ಮಾಡಿಕೊಳ್ಳಿ. ಗುಂಡಿಯ ತಳದಿಂದ ಕೆಳಗೆ ಕನಿಷ್ಠ ಹತ್ತಡಿ ಕೇಸಿಂಗ್ ಇರಲೇಬೇಕು. ಹಳೆಯ ಬೋರುಗಳಲ್ಲಿ ಹದಿನೈದಡಿಗೇ ಬಂಡೆ ಸಿಕ್ಕಿ ಕೇಸಿಂಗ್ ನಿಲ್ಲಿಸಿರುತ್ತಾರೆ. ಅಲ್ಲಿ ಹತ್ತಡಿ ಗುಂಡಿ ತೋಡಿದರೆ ಬುಡ ಸಡಿಲವಾಗಿ ಮಣ್ಣು ಒಳಗೆ ಕುಸಿಯುತ್ತದೆ. ಎರೆಭೂಮಿಯಲ್ಲಿ ಇನ್ನೊಂದು ತೊಂದರೆ: ಒಣಗಿದಾಗ ಬಿರಿದು, ನೆನೆದಾಗ ಉಬ್ಬುವ ಮಣ್ಣು ಗುಂಡಿಯ ಗೋಡೆಯನ್ನೂ ಕೇಸಿಂಗನ್ನೂ ತಳ್ಳುತ್ತದೆ. ಅಲ್ಲಿ ಗೋಡೆಗೆ ಕಲ್ಲು ಕಟ್ಟಿಸದೆ ಕೆಲಸ ಆಗದು. ಜೆಸಿಬಿ ಕೇಸಿಂಗಿನಿಂದ ಎರಡಡಿ ದೂರದವರೆಗೆ ಮಾತ್ರ ತೋಡಲಿ, ಉಳಿದದ್ದು ಗುದ್ದಲಿ, ಹಾರೆಯಲ್ಲೇ ಆಗಬೇಕು. ಬಕೆಟ್ ತಗುಲಿ ಪಿ.ವಿ.ಸಿ. ಕೇಸಿಂಗ್ ಸೀಳಿದರೆ ಅಲ್ಲಿಗೆ ಬೋರೇ ಹೋಯಿತು. ತೆಗೆದ ಮಣ್ಣನ್ನು ಅಂಚಿನಿಂದ ಐದಡಿ ದೂರ ಹಾಕಿಸಿ. ಗುಂಡಿಯಲ್ಲಿ ಆಳಿರುವಾಗ ಅಂಚಿನ ಮೇಲೆ ಮಣ್ಣಿನ ರಾಶಿ ಇದ್ದರೆ, ಅಥವಾ ಹಿಂದಿನ ದಿನ ಮಳೆಯಾಗಿದ್ದರೆ, ಗೋಡೆ ಕುಸಿಯುವುದಕ್ಕೆ ಹೊತ್ತು ಬೇಕಾಗಿಲ್ಲ.

ಗುಂಡಿಯ ತಳದಲ್ಲಿ ಕೇಸಿಂಗ್ ಸುತ್ತ ಎರಡಡಿ ಅಗಲ, ಒಂದಡಿ ದಪ್ಪದ ಕಾಂಕ್ರೀಟ್ ಕೊರಳಪಟ್ಟಿ ಹಾಕಿಸಿ. ಬಹುತೇಕರು ಇದನ್ನು ಬಿಟ್ಟುಬಿಡುತ್ತಾರೆ. ಕೇಸಿಂಗ್ ಇಳಿಸಲು ರಿಗ್ಗಿನವರು ಕೊರೆದ ತೂತು ಪೈಪಿಗಿಂತ ದೊಡ್ಡದು, ಆ ಸಂದಿನಲ್ಲಿ ಸಡಿಲ ಮಣ್ಣಿರುತ್ತದೆ. ಕೊರಳಪಟ್ಟಿ ಇಲ್ಲದಿದ್ದರೆ ಗುಂಡಿಯ ನೀರು ಫಿಲ್ಟರ್ ದಾಟಿ ತೂತಿನ ಮೂಲಕ ಹೋಗುವ ಬದಲು ಪೈಪಿನ ಹೊರಮೈಗುಂಟ ಕೆಳಗಿಳಿದು, ಕೇಸಿಂಗಿನ ತುದಿಯಲ್ಲಿ ಮಣ್ಣನ್ನು ಎಳೆದುಕೊಂಡು ಬೋರಿಗೆ ನುಗ್ಗುತ್ತದೆ. ‘ಗುಂಡಿ ಮಾಡಿಸಿದ ಮೇಲೆ ಬೋರಿನಲ್ಲಿ ಕೆಂಪು ನೀರು ಬರುತ್ತಿದೆ, ಮರಳು ಸರಿಯಿಲ್ಲವೇನೋ’ ಎಂದು ಫಿಲ್ಟರ್ ಬಿಚ್ಚಿ ನೋಡುವವರು ಮೊದಲು ನೋಡಬೇಕಾದದ್ದು ಇದನ್ನು.

ತೂತು ಕೊರೆಯುವುದು ಗುಂಡಿಯ ತಳದಿಂದ ಒಂದಡಿ ಬಿಟ್ಟು, ಅದರ ಮೇಲಿನ ಎರಡಡಿಯಲ್ಲಿ. 8 ಮಿ.ಮೀ. ಬಿಟ್, ಒಂದೂವರೆ ಇಂಚಿಗೊಂದು ತೂತು, ಸಾಲು ಬಿಟ್ಟು ಸಾಲಿಗೆ ಓರೆಯಾಗಿ. ಏಳಿಂಚಿನ ಕೇಸಿಂಗಿಗೆ ಸುಮಾರು 230 ತೂತು ಬರುತ್ತವೆ, ಒಟ್ಟು ಕಿಂಡಿ ಬೋರಿನ ಬಾಯಿಯ ಅರ್ಧಕ್ಕಿಂತ ತುಸು ಹೆಚ್ಚು. ಅಷ್ಟು ಧಾರಾಳವಾಗಿ ಸಾಕು. ಉದ್ದುದ್ದ ಸೀಳು ಹಾಕಿದರೆ ಪಿ.ವಿ.ಸಿ. ಬಲ ಕಳೆದುಕೊಂಡು ಕಲ್ಲಿನ ಒತ್ತಡಕ್ಕೆ ಒಳಗೆ ಬಾಗುತ್ತದೆ. ಕಬ್ಬಿಣದ ಕೇಸಿಂಗಿಗೆ ಗ್ಯಾಸ್ ಕಟಿಂಗ್ ಬೇಡ, ಅಂಚು ಒರಟಾಗಿ ಜಾಲರಿ ಹರಿಯುತ್ತದೆ. ಮೋಟಾರ್ ಒಳಗೇ ಇದ್ದರೆ ಡ್ರಿಲ್ ಬಿಟ್‌ಗೆ ಅರ್ಧ ಇಂಚಿನಾಚೆ ಹೋಗದಂತೆ ತಡೆ ಕಟ್ಟಬೇಕು, ಇಲ್ಲವಾದರೆ ಕೇಬಲ್ಲಿಗೆ ತಗುಲುತ್ತದೆ. ಪಂಪ್ ಎತ್ತಿಸಿ ಕೆಲಸ ಮಾಡಿಸುವುದೇ ಉತ್ತಮ, ಆಗ ಅದರ ಸ್ಥಿತಿಯನ್ನೂ ನೋಡಿದಂತಾಗುತ್ತದೆ.

ಜಾಲರಿಯಲ್ಲಿ ಎಲ್ಲರೂ ಮಾಡುವ ತಪ್ಪೊಂದಿದೆ. ಸಣ್ಣ ಕಣ್ಣಿನ ನೈಲಾನ್ ಜಾಲರಿಯನ್ನು ನೇರವಾಗಿ ಪೈಪಿಗೆ ಬಿಗಿಯಾಗಿ ಸುತ್ತಿದರೆ ನೀರು ಸೋಸುವುದು ತೂತಿನ ಎದುರಿನ ಚೂರು ಜಾಗದಲ್ಲಿ ಮಾತ್ರ, ಅದು ಬೇಗ ಕಟ್ಟಿಕೊಳ್ಳುತ್ತದೆ. ಮೊದಲು ದಪ್ಪ ಎಳೆಯ, ದೊಡ್ಡ ಕಣ್ಣಿನ ಪ್ಲಾಸ್ಟಿಕ್ ಜಾಲರಿ ಒಂದು ಸುತ್ತು. ಅದು ಪೈಪಿಗೂ ಮೇಲಿನ ಜಾಲರಿಗೂ ನಡುವೆ ಸಂದು ಕೊಡುತ್ತದೆ, ನೀರು ಪೂರ್ತಿ ಮೈಯಿಂದ ಸೋಸಿ ತೂತಿಗೆ ಹರಿಯುತ್ತದೆ. ಅದರ ಮೇಲೆ ಸಣ್ಣ ಕಣ್ಣಿನ ಜಾಲರಿ ಎರಡು ಸುತ್ತು. ಕಟ್ಟಲು ನೈಲಾನ್ ದಾರ ಇರಲಿ. ಕಟ್ಟುವ ಕಬ್ಬಿಣದ ತಂತಿ ತುಕ್ಕು ಹಿಡಿಯುತ್ತದೆ, ತೆಂಗಿನ ಹಗ್ಗ ಕೊಳೆಯುತ್ತದೆ.

ತುಂಬುವ ಕ್ರಮ ಕೆಳಗಿನಿಂದ ಮೇಲಕ್ಕೆ: ಐದಡಿ ಬೋಡ್ರಸ್ ಕಲ್ಲು (ದಪ್ಪ ಕಲ್ಲು), ಎರಡಡಿ 40 ಮಿ.ಮೀ. ಜಲ್ಲಿ, ಒಂದಡಿ 20 ಮಿ.ಮೀ. ಜಲ್ಲಿ, ಮೇಲೊಂದು ಜಾಲರಿ ಹಾಸು, ಒಂದಡಿ ದಪ್ಪ ಮರಳು, ಕೊನೆಯ ಒಂದಡಿ ನೀರು ನಿಲ್ಲಲು ಖಾಲಿ. ಟ್ರ್ಯಾಕ್ಟರ್ ಟ್ರೈಲರಿಗೆ 100 ಘನ ಅಡಿ ಎಂದು ಹಿಡಿದರೆ ಐದು ಲೋಡ್ ಕಲ್ಲು, ಎರಡು ಲೋಡ್ ದಪ್ಪ ಜಲ್ಲಿ, ಒಂದು ಲೋಡ್ ಸಣ್ಣ ಜಲ್ಲಿ, ಒಂದು ಲೋಡ್ ಮರಳು. ಕೊಟೇಶನ್ ಇದೇ ರೀತಿ ಬಿಡಿಸಿ ಬರೆಸಿಕೊಳ್ಳಿ: ಜೆಸಿಬಿ ಎಷ್ಟು ಗಂಟೆ, ಯಾವ ಕಲ್ಲು ಎಷ್ಟು ಲೋಡ್, ಆಳು ಎಷ್ಟು ಜನ. ಒಟ್ಟು ಮೊತ್ತ ಮಾತ್ರ ಹೇಳಿದ ಕಡೆ ಐದು ಲೋಡ್ ಕಲ್ಲಿನ ಜಾಗದಲ್ಲಿ ಮೂರು ಲೋಡ್ ಹಾಕಿ, ತೋಡಿದ ಗರಸು ಮಣ್ಣನ್ನೇ ಮತ್ತೆ ಒಳಗೆ ತಳ್ಳಿಬಿಡುವುದುಂಟು. ಮೇಲೆ ಮರಳು ಹರಡಿದ ಮೇಲೆ ಅದು ಕಾಣುವುದಿಲ್ಲ. ಹಾಗಾಗಿ ತುಂಬುವ ದಿನ ಮಾಲೀಕರು ಗುಂಡಿಯ ಪಕ್ಕದಲ್ಲೇ ಇರಬೇಕು.

ಕಲ್ಲನ್ನು ಕೈಯಲ್ಲೇ ಜೋಡಿಸಿಸಿ, ಮೇಲಿಂದ ಸುರಿಯುವುದು ಬೇಡ. ಜಲ್ಲಿಯನ್ನು ತೊಳೆಸಿಯೇ ಹಾಕಿಸಿ. ಕ್ರಷರಿನಿಂದ ಬಂದ ಜಲ್ಲಿಗೆ ಅಂಟಿದ ಬಿಳಿ ಪುಡಿ ಮೊದಲ ಮಳೆಗೇ ಬೋರಿನ ಬಿರುಕಿಗೆ ಹೋಗಿ ಕೂರುತ್ತದೆ. ಕಲ್ಲು ಪುಡಿ ಮಾಡಿ ತಯಾರಿಸುವ ಎಂ-ಸ್ಯಾಂಡಿನಲ್ಲಿ ಈ ಪುಡಿ ಇನ್ನೂ ಹೆಚ್ಚು. ಅದನ್ನೇ ಬಳಸಬೇಕಾದರೆ ಡ್ರಮ್ಮಿನಲ್ಲಿ ಹಾಕಿ ನೀರು ತಿಳಿಯಾಗುವವರೆಗೆ ತೊಳೆಯಬೇಕು. ಗುಂಡಿಯ ನಾಲ್ಕು ಗೋಡೆಗೂ ಶೇಡ್ ನೆಟ್ ಇಳಿಬಿಟ್ಟರೆ ಪಕ್ಕದ ಮಣ್ಣು ಕಲ್ಲಿನ ಸಂದಿಗೆ ಸರಿಯುವುದು ಕಡಿಮೆಯಾಗುತ್ತದೆ. ಇದ್ದಿಲಿನ ಪದರ ಹಾಕುತ್ತೇವೆ ಎಂದು ಹೆಚ್ಚುವರಿ ದುಡ್ಡು ಕೇಳುವವರಿದ್ದಾರೆ. ಅಡುಗೆ ಇದ್ದಿಲು ನೆನೆದು ಪುಡಿಯಾಗಿ ತಾನೇ ಸಂದು ಕಟ್ಟುತ್ತದೆ, ಹೊಲದ ನೀರಿನ ಔಷಧಿ, ಗೊಬ್ಬರವನ್ನು ಹಿಡಿದಿಡುವ ಕೆಲಸ ಅದರಿಂದ ಆಗದು. ಬೇಡ. ಕೇಸಿಂಗಿನ ಬಾಯಿ ನೆಲದಿಂದ ಎರಡಡಿ ಮೇಲಿರಲಿ, ಮುಚ್ಚಳ ಭದ್ರವಾಗಿರಲಿ, ಅದರಲ್ಲಿ ಜಾಲರಿ ಕಟ್ಟಿದ ಸಣ್ಣ ಗಾಳಿ ಕೊಳವೆ ಇರಲಿ. ನೀರು ಇಳಿಯುವಾಗ ಒಳಗಿನ ಗಾಳಿ ಮೇಲೆ ಬರಲು ದಾರಿ ಬೇಕು.

ಈಗ ಈ ಸೇವೆಯ ಅತಿ ದುರ್ಬಲ ಜಾಗಕ್ಕೆ ಬರೋಣ: ಹೂಳು. ಕೊಟೇಶನ್ನಿನಲ್ಲಿ ‘ಸಿಲ್ಟ್ ಟ್ರ್ಯಾಪ್ ಒಂದು’, ಅಂದರೆ ಹೂಳು ತಡೆಯುವ ತೊಟ್ಟಿ ಒಂದು, ಎಂದು ಬರೆದಿರುತ್ತಾರೆ. ಸ್ಥಳದಲ್ಲಿ ಅದು ಮೂರಡಿಯ ಒಂದು ಸಿಮೆಂಟ್ ತೊಟ್ಟಿ. ಮಳೆ ಬಂದಾಗ ಸೆಕೆಂಡಿಗೆ ಐದು ಲೀಟರ್ ಬಂದರೂ ಅಂಥ ತೊಟ್ಟಿಯಲ್ಲಿ ನೀರು ಎರಡು ಮೂರು ನಿಮಿಷವೂ ನಿಲ್ಲುವುದಿಲ್ಲ. ಅಷ್ಟರಲ್ಲಿ ತಳಕ್ಕೆ ಕೂರುವುದು ಮರಳು ಮಾತ್ರ. 0.02 ಮಿ.ಮೀ. ಗಾತ್ರದ ನಯವಾದ ಹೂಳು ನಿಂತ ನೀರಿನಲ್ಲಿ ಒಂದು ಮೀಟರ್ ಇಳಿಯಲು ಮುಕ್ಕಾಲು ಗಂಟೆ ಬೇಕು. 0.002 ಮಿ.ಮೀ. ಜೇಡಿ ಕಣಕ್ಕೆ ಮೂರು ದಿನ. ಬೋರಿನ ಕೂದಲೆಳೆ ಬಿರುಕನ್ನು ಮುಚ್ಚುವುದು ಈ ನಯವಾದ ಮಣ್ಣೇ, ಮರಳಲ್ಲ. ಒಂದಡಿ ಮರಳಿನ ಪದರ ಇದನ್ನು ಪೂರ್ತಿ ತಡೆಯಲಾರದು. ತಡೆದಷ್ಟೂ ತಾನು ಕಟ್ಟಿಕೊಳ್ಳುತ್ತದೆ. ಮೊದಲ ವರ್ಷ ಚೆನ್ನಾಗಿ ಕುಡಿದ ಗುಂಡಿ ಮೂರನೇ ವರ್ಷ ಕೆರೆಯಂತೆ ನಿಲ್ಲುವುದಕ್ಕೆ ಕಾರಣ ಇಷ್ಟೇ.

ಇದಕ್ಕೆ ಪರಿಹಾರ ಫಿಲ್ಟರ್ ಅಲ್ಲ, ಸಮಯ. ಗುಂಡಿಗಿಂತ ಮೇಲ್ಭಾಗದಲ್ಲಿ ಒಂದು ಹೊಂಡ ಮಾಡಿ, ನೀರನ್ನು ಒಂದೆರಡು ದಿನ ನಿಲ್ಲಿಸಿ, ಮೇಲಿನ ತಿಳಿಯನ್ನು ಮಾತ್ರ ಬಿಡುವುದು. ಮೇಲೆ 24 ಅಡಿ ಚೌಕ, ತಳದಲ್ಲಿ 12 ಅಡಿ ಚೌಕ, ಆರಡಿ ಆಳ ಇದ್ದರೆ ಸುಮಾರು 57,000 ಲೀಟರ್ ಹಿಡಿಯುತ್ತದೆ. ಮೂರು ಎಕರೆಯ ಒಂದು ಒಳ್ಳೆಯ ಮಳೆಗೆ ಸಾಕು. ತಳದಿಂದ ಎರಡಡಿ ಮೇಲೆ ನಾಲ್ಕಿಂಚಿನ ಪೈಪ್, ಅದಕ್ಕೊಂದು ಗೇಟ್ ವಾಲ್ವ್. ಮಳೆ ಬರುವಾಗ ವಾಲ್ವ್ ಮುಚ್ಚಿರಬೇಕು. ತಿಳಿಯಾಯಿತೇ ಎಂದು ನೋಡಲು ಒಂದು ಲೀಟರಿನ ಪಾರದರ್ಶಕ ಬಾಟಲಿಯಲ್ಲಿ ನೀರು ತುಂಬಿ ಅದರ ಹಿಂದೆ ಅಚ್ಚಾದ ಕಾಗದ ಹಿಡಿಯಿರಿ. ಅಕ್ಷರ ಓದಲು ಬಂದರೆ ಬಿಡಬಹುದು, ಬರದಿದ್ದರೆ ಇನ್ನೊಂದು ದಿನ ಕಾಯಿರಿ. ಸರ್ಕಾರದ ಕೃಷಿ ಭಾಗ್ಯ ಯೋಜನೆಯಲ್ಲಿ ಮಾಡಿಸಿದ ಕೃಷಿ ಹೊಂಡ ಈಗಾಗಲೇ ಇದ್ದವರಿಗೆ ಅದರ ಕೋಡಿ ನೀರೇ ಬಹುಮಟ್ಟಿಗೆ ತಿಳಿಯಾಗಿರುತ್ತದೆ, ಅದನ್ನೇ ಗುಂಡಿಗೆ ತಿರುಗಿಸಿದರೆ ಹೊಸ ಹೊಂಡದ ಖರ್ಚೂ ಉಳಿಯಿತು. ಚಿತ್ರದುರ್ಗದ ಕೋಟೆಯಲ್ಲಿ ಗೋಪಾಲಸ್ವಾಮಿ ಹೊಂಡ ತುಂಬಿ ಅಕ್ಕ-ತಂಗಿ ಹೊಂಡಕ್ಕೆ, ಅಲ್ಲಿಂದ ಸಿಹಿನೀರು ಹೊಂಡಕ್ಕೆ, ಕೊನೆಗೆ ಸಂತೆ ಹೊಂಡಕ್ಕೆ ನೀರು ಇಳಿಯುತ್ತ ಬರುವ ಹಾಗೆ ಕಟ್ಟಿದ್ದಾರೆ. ಒಂದೊಂದು ಹೊಂಡದಲ್ಲಿ ನಿಂತು ಹೂಳು ಬಿಟ್ಟು ಮುಂದೆ ಹೋಗುವ ನೀರು. ಅದೇ ಜಿಲ್ಲೆಯ ಹೊಲಗಳಲ್ಲಿ ಮೂರಡಿ ತೊಟ್ಟಿ ಕಟ್ಟಿ ಕೈ ತೊಳೆದುಕೊಳ್ಳುವುದನ್ನು ನೋಡಿದರೆ ಸಂಕಟವಾಗುತ್ತದೆ.

ಅಂಗಡಿಯಲ್ಲಿ ಸಿಗುವ ರೆಡಿಮೇಡ್ ಫಿಲ್ಟರುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಚಾವಣಿಯ ನೀರಿಗೆ ಅವು ಸರಿ. 100 ಚದರ ಮೀಟರ್ ಚಾವಣಿಯಿಂದ ಮೊದಲ 200 ಲೀಟರ್ ಹೊರಗೆ ಬಿಟ್ಟು ಉಳಿದದ್ದನ್ನು ಸೋಸಿ ಬಿಡಬಹುದು. ಹೊಲದ ಬಗ್ಗಡಕ್ಕೆ ಅವು ಒಂದು ಮಳೆಯೂ ತಡೆಯುವುದಿಲ್ಲ. ವಿ ಆಕಾರದ ತಂತಿ ಸುತ್ತಿ ಮಾಡಿದ ವಿ-ವೈರ್ ಜಾಲರಿ ಮಾತ್ರ ಬೆಲೆಗೆ ತಕ್ಕ ವಸ್ತು: ಅದರ ಸೀಳು ಹೊರಗೆ ಕಿರಿದು, ಒಳಗೆ ಅಗಲ. ಹಾಗಾಗಿ ಕಣ ಸಿಕ್ಕಿಕೊಂಡು ಕೂರುವುದಿಲ್ಲ, ಒಳಗೆ ಜಾರುತ್ತದೆ ಅಥವಾ ಹೊರಗೇ ಉಳಿಯುತ್ತದೆ. ಆದರೆ ಜೇಡಿಯನ್ನು ಅದೂ ತಡೆಯದು, ಹೊಂಡ ಅದಕ್ಕೂ ಬೇಕು.

ಇನ್ನೊಂದು ಸಲಹೆ ಗುತ್ತಿಗೆದಾರರಿಗೆ ಇಷ್ಟವಾಗಲಿಕ್ಕಿಲ್ಲ. ಹೊಲದಲ್ಲಿ ಬತ್ತಿದ ತೆರೆದ ಬಾವಿ ಇದ್ದರೆ ಬೋರಿಗಿಂತ ಮೊದಲು ಅದಕ್ಕೆ ನೀರು ಬಿಡಿ. ಕೇಸಿಂಗ್ ಕೊರೆಯುವ ಅಪಾಯವಿಲ್ಲ, ಹೂಳು ಕೂತರೆ ಇಳಿದು ತೆಗೆಯಬಹುದು. ನೀರು ಕೊಳೆತ ಕಲ್ಲಿನ ಪದರದಲ್ಲಿ ಹರಡಿ ಸೋಸಿಕೊಂಡು ನಿಧಾನವಾಗಿ ಕೆಳಗಿನ ಸೆಲೆಗೆ ಸೇರುತ್ತದೆ. ಆ ಪದರದಲ್ಲಿ ನೂರಕ್ಕೆ ಒಂದೂವರೆ ಭಾಗ ನೀರು ನಿಲ್ಲುತ್ತದೆ ಎಂದಿಟ್ಟುಕೊಂಡರೂ ಒಂದು ಎಕರೆಯ ಅಡಿಯಲ್ಲಿ ಮಟ್ಟ ಒಂದು ಮೀಟರ್ ಏರಿದರೆ 60,000 ಲೀಟರ್ ಸೇರಿತು. ಬೋರಿನ ಬಿರುಕಿಗಿಂತ ದೊಡ್ಡ ಕಣಜ ಅದು.

ಯಾವ ನೀರು ಬಿಡಬಾರದು ಎಂಬುದರಲ್ಲಿ ಸಡಿಲ ಬೇಡ. ಬೋರಿಗೆ ನೇರ ಬಿಟ್ಟ ನೀರು ಮಣ್ಣಿನ ಸೋಸುವಿಕೆಯನ್ನು ತಪ್ಪಿಸಿ ಒಮ್ಮೆಗೇ ಆಳಕ್ಕೆ ಹೋಗುತ್ತದೆ. ಕೊಟ್ಟಿಗೆಯ, ತಿಪ್ಪೆಯ, ಶೌಚದ ಗುಂಡಿಯ ಕಡೆಯಿಂದ ಹರಿಯುವ ನೀರು, ಹೊಸದಾಗಿ ಔಷಧಿ ಹೊಡೆದ ತೋಟದ ನೀರು, ರಸ್ತೆಯ ಚರಂಡಿ, ಯಾವುದೂ ಸಲ್ಲದು. ಕೋಲಾರದ ಕೆರೆಗಳಿಗೆ 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬರುತ್ತಿರುವ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಕೆರೆಯಂಗಳದಲ್ಲಿ ತಾನಾಗಿ ಇಂಗಲಿ. ಅದನ್ನು ಪೈಪ್ ಹಾಕಿ ಬೋರಿಗೆ ತಿರುಗಿಸುವುದು ಊರಿಗೇ ಅಪಾಯ. ಕುಡಿಯುವ ನೀರಿನ ಬೋರಿಗೆ ಹೊಲದ ನೀರು ಬೇಡವೇ ಬೇಡ, ಚಾವಣಿ ನೀರು ಮಾತ್ರ. ಮರುಪೂರಣದಿಂದ ಫ್ಲೋರೈಡ್ ಹೋಗುತ್ತದೆ ಎಂದು ಹೇಳಿ ಮಾರುವವರೂ ಇದ್ದಾರೆ. ಮಳೆನೀರು ಬೆರೆತು ಸ್ವಲ್ಪ ಕಾಲ ಕಡಿಮೆಯಾಗಬಹುದು, ಬೇಸಿಗೆಯಲ್ಲಿ ಮತ್ತೆ ಏರುತ್ತದೆ. ಭಾರತೀಯ ಮಾನಕದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ಮೂಲವಿಲ್ಲದ ಕಡೆ 1.5ರ ತನಕ. ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವ ಪಾವಗಡದ ಕಡೆಯವರು ಮುಂಗಾರಿಗೆ ಮುಂಚೆ ಒಮ್ಮೆ, ಹಿಂಗಾರಿನ ನಂತರ ಒಮ್ಮೆ ಪರೀಕ್ಷೆ ಮಾಡಿಸದೆ ಕುಡಿಯಲು ತೊಡಗಬಾರದು.

ಹಣ ಕೊಡುವಾಗ ಐದರಲ್ಲಿ ಒಂದು ಭಾಗವನ್ನು ಮೊದಲ ದೊಡ್ಡ ಮಳೆ ಮುಗಿಯುವವರೆಗೆ ತಡೆದಿಟ್ಟುಕೊಳ್ಳಿ, ಕರಾರಿನಲ್ಲೇ ಬರೆಸಿ. ಆ ಮಳೆಯಲ್ಲಿ ನೋಡಬೇಕಾದದ್ದು ಮೂರು: ಗುಂಡಿಯ ನೀರು 24 ಗಂಟೆಯೊಳಗೆ ಇಳಿಯಿತೇ, ಗೋಡೆ ಅಥವಾ ಮರಳು ಎಲ್ಲಾದರೂ ಕುಸಿಯಿತೇ, ಮೋಟಾರ್ ಹಾಕಿದಾಗ ಬಗ್ಗಡ ಬಂತೇ. ಮೊದಲ ಸಲ ಸ್ವಲ್ಪ ಕಲಕು ಬರುವುದು ಸಹಜ. ಮಳೆ ನಿಂತು ಒಂದೆರಡು ದಿನ ಬಿಟ್ಟು, ಡ್ರಿಪ್ ಲೈನಿಗೆ ಜೋಡಿಸದೆ, ತಿಳಿಯಾಗುವವರೆಗೆ ಹೊರಗೆ ಓಡಿಸಿ. ಹೀಗೆ ಆಗಾಗ ಎತ್ತುವುದರಿಂದ ಬಿರುಕಿನ ಬಾಯಲ್ಲಿ ಕೂತ ಮಣ್ಣೂ ಹೊರಬರುತ್ತದೆ. ಎರಡನೇ, ಮೂರನೇ ಮಳೆಗೂ ಕೆಂಪು ನೀರೇ ಬಂದರೆ ಕೊರಳಪಟ್ಟಿ ಅಥವಾ ಜಾಲರಿ ಕೆಟ್ಟಿದೆ. ಮರಳಿನ ಕಣ ಪಂಪಿನ ಇಂಪೆಲ್ಲರನ್ನು ತಿಂದುಹಾಕುವ ಮೊದಲು ಗುಂಡಿಗೆ ನೀರು ಬಿಡುವುದನ್ನು ನಿಲ್ಲಿಸಿ, ಬಿಚ್ಚಿಸಿ ನೋಡಬೇಕು.

ಕೆಲಸ ಮಾಡಿಸಲು ಸರಿಯಾದ ಕಾಲ ಫೆಬ್ರವರಿಯಿಂದ ಏಪ್ರಿಲ್. ಭರಣಿ ಮಳೆ ಬೀಳುವ ಹೊತ್ತಿಗೆ ಮರಳು ಹಾಸಿ ಮುಗಿದಿರಬೇಕು. ಪ್ರತಿ ವರ್ಷ ಮುಂಗಾರಿಗೆ ಮುಂಚೆ ಮರಳಿನ ಮೇಲಿನ ಎರಡು ಮೂರು ಇಂಚು ಕೆರೆದು ತೆಗೆದು, ತೊಳೆದು ಮತ್ತೆ ಹಾಸಿ. ಹೊಂಡದ ಹೂಳನ್ನೂ ಆಗಲೇ ಎತ್ತಿಸಿ, ಅದು ಗದ್ದೆಗೆ ಒಳ್ಳೆಯ ಗೋಡು. ಈ ಸೀಮೆಯಲ್ಲಿ ಹೆಚ್ಚು ನೀರು ಹರಿಯುವುದು ಮುಂಗಾರಿನ ಮೊದಲ ತಿಂಗಳುಗಳಲ್ಲಲ್ಲ, ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ. ಆದ್ದರಿಂದ ಉತ್ತರೆ ಮಳೆಗೆ ಮೊದಲು ಇನ್ನೊಮ್ಮೆ ಮರಳು ಕೆರೆಸಿ, ವಾಲ್ವ್ ತಿರುಗುತ್ತದೆಯೇ ಎಂದು ನೋಡಿ, ಬೋರಿನ ಮಟ್ಟ ಅಳೆದು ದಿನಾಂಕದ ಸಮೇತ ಪಂಪ್ ಮನೆಯ ಗೋಡೆಯ ಮೇಲೆ ಬರೆದಿಡಿ. ಹಸ್ತ, ಚಿತ್ತೆ ಮುಗಿದ ಮೇಲೆ ಮತ್ತೊಮ್ಮೆ ಅಳೆದು ಅದರ ಕೆಳಗೇ ಬರೆಯಿರಿ.